ಹೊಳೆ ದಾಟಿಸಿದವನು

ವರದಾ ನದಿಯ ದಂಡೆಯಲ್ಲೊಂದು ಆಶ್ರಮ. ಗುಡದಪ್ಪ ಎಂಬವನು ಅಲ್ಲಿಗೆ ಬಂದು ಒಂದು ತಿಂಗಳಾಗಿತ್ತು.

ಮೈಮೇಲೆ ಕುಷ್ಠದ ಮಚ್ಚೆ ಕಂಡ ವಾರದಲ್ಲೇ ಊರವರು ಅವನನ್ನು ಹೊಳೆಯಾಚೆಯ ಕಾಡಿಗೆ ಕಳಿಸಿದ್ದರು. ಇಪ್ಪತ್ತೆರಡು ವರ್ಷ ಅಲ್ಲೇ ಗುಡಿಸಲಿನಲ್ಲಿದ್ದ. ಈಚೆ ದಂಡೆಯಲ್ಲಿ ಯಾರಾದರೂ ರೊಟ್ಟಿ ಇಟ್ಟು ಹೋದರೆ, ಅವರು ಮರೆಯಾದ ಮೇಲೆ ನೀರು ದಾಟಿ ಬಂದು ಒಯ್ಯುತ್ತಿದ್ದ.

ಕೊನೆಗೆ ಮಾತ್ರೆ ಬಂತು. ರೋಗ ಹೋಯಿತು. "ನಿನ್ನಿಂದ ಯಾರಿಗೂ ಅಂಟುವುದಿಲ್ಲ, ಊರಿಗೆ ಹೋಗು" ಎಂದರು ಡಾಕ್ಟರು. ಊರಿನಲ್ಲಿ ಮನೆ ಬಿದ್ದುಹೋಗಿತ್ತು. ಗುರುಗಳು ಆಶ್ರಮದಲ್ಲಿ ಒಂದು ಕೋಣೆ ಕೊಟ್ಟರು.

ಆದರೂ ಅವನು ಎಲ್ಲರಿಗಿಂತ ಕೆಳಗೆ, ನೀರು ಹರಿದುಹೋಗುವ ಕಡೆ ಸ್ನಾನ ಮಾಡುತ್ತಿದ್ದ. ಉಣ್ಣಲು ಅಂಗಳದ ಮೂಲೆಯಲ್ಲಿ ಕೂರುತ್ತಿದ್ದ. ಯಾರಾದರೂ ಹತ್ತಿರ ಬಂದರೆ "ದೂರ ಇರ್ರಿ" ಎನ್ನುತ್ತಿದ್ದ.

ಶಿಷ್ಯ ಮರಿಶಾಂತನಿಗೆ ಇದನ್ನು ನೋಡಲಾಗಲಿಲ್ಲ.

"ಗುರುಗಳೇ, ಹಿಂದೆ ಕೆಲವು ದೇಶಗಳಲ್ಲಿ ಇಂಥವರಿಗೆ ಬದುಕಿರುವಾಗಲೇ ಸತ್ತವರ ವಿಧಿ ಮಾಡಿ ಊರು ಬಿಡಿಸುತ್ತಿದ್ದರಂತೆ. ನಮ್ಮವರೇನು ಕಡಿಮೆ? ಈ ಪಾಪ ತೊಳೆಯಬೇಕು."

"ಹೇಗೆ ತೊಳೆಯುತ್ತೀ?"

"ಅವರ ಪಕ್ಕದಲ್ಲೇ ಕೂತು ಉಣ್ಣುತ್ತೇನೆ."

ಮರಿಶಾಂತ ತಟ್ಟೆ ಹಿಡಿದು ಹೋಗಿ ಕೂತ. ಗುಡದಪ್ಪ ಸರಿದ. ಇವನೂ ಸರಿದ. ಗುಡದಪ್ಪ ಗೋಡೆಗೆ ಒತ್ತಿಕೊಂಡ. ಇವನು ಇನ್ನಷ್ಟು ಹತ್ತಿರ ಹೋದ. ಗುಡದಪ್ಪ ಅರ್ಧ ಊಟಕ್ಕೆ ಎದ್ದುಬಿಟ್ಟ.

ಮರುದಿನ ಬೆಳಿಗ್ಗೆ ಗಂಟು ಕಟ್ಟಿಕೊಂಡು ಹೊಳೆಯ ಕಡೆ ಹೊರಟಿದ್ದ.

"ಎಲ್ಲಿಗೆ, ಗುಡದಪ್ಪನವರೇ?"

"ಗುಡಿಸಲಿಗೆ. ಅಲ್ಲಿ ಯಾರಿಗೂ ನನ್ನಿಂದ ತ್ರಾಸಿಲ್ಲ."

ಮರಿಶಾಂತ ಓಡಿಹೋಗಿ ಗುರುಗಳಿಗೆ ಹೇಳಿದ. ಗುರುಗಳು ಕೋಲು ಹಿಡಿದು ದಂಡೆಗೆ ಬಂದರು.

"ನಿಲ್ಲು, ಗುಡದಪ್ಪ. ಆಚೆ ಹಳ್ಳಿಯಲ್ಲಿ ಒಬ್ಬ ಮುದುಕ ಹಾಸಿಗೆ ಹಿಡಿದಿದ್ದಾನೆ. ನನ್ನನ್ನು ನೋಡಬೇಕಂತೆ. ನೀರು ಏರಿದೆ, ಕಲ್ಲು ಕಾಣುತ್ತಿಲ್ಲ. ದಾಟಿಸು."

"ಮರಿಶಾಂತಪ್ಪನ ಕೈ ಹಿಡೀರಿ, ಅಜ್ಜಾರ."

"ಅವನಿಗೆ ಈ ಹೊಳೆ ಗೊತ್ತಿಲ್ಲ."

"ನನ್ನ ಕೈಗೆ ಬೆರಳಿಲ್ಲರಿ."

"ತೋಳಿದೆಯಲ್ಲ."

ಗುಡದಪ್ಪ ನೀರಿನ ಸೆಳವು ನೋಡಿದ. ಆಮೇಲೆ ಗಂಟನ್ನು ತಲೆಯ ಮೇಲಿಟ್ಟುಕೊಂಡು ತೋಳು ಚಾಚಿದ.

ನಡುಹೊಳೆಯಲ್ಲಿ ಗುರುಗಳ ಕಾಲು ಜಾರಿತು. ಗಂಟು ನೀರುಪಾಲಾಯಿತು. ಗುಡದಪ್ಪ ಎರಡೂ ತೋಳುಗಳಿಂದ ಅವರ ಸೊಂಟವನ್ನು ಬಾಚಿ ತಬ್ಬಿ ಹಿಡಿದ.

"ಕಣ್ಣೆಲ್ಲೈತ್ರಿ ನಿಮಗ? ನಾ ಹೇಳಿದ ಕಲ್ಲಿನ ಮ್ಯಾಲೆ ಕಾಲಿಡ್ರಿ! ಗಟ್ಟಿ ಹಿಡ್ಕೊಳ್ರಿ!"

ಬೈದದ್ದು ಯಾರನ್ನು ಎಂದು ಆಮೇಲೆ ಹೊಳೆಯಿತು. ಗಾಬರಿಯಿಂದ ಗುರುಗಳ ಮುಖ ನೋಡಿದ. ಅವರು ಎದೆಮಟ್ಟದ ನೀರಿನಲ್ಲಿ ನಿಂತು ನಗುತ್ತಿದ್ದರು. ಅವನಿಗೂ ನಗು ಬಂತು.

ಮಧ್ಯಾಹ್ನ ಅವನೇ ಅವರನ್ನು ಮರಳಿ ಕರೆತಂದ. ಊಟದ ಸಾಲಿನಲ್ಲಿ ಗುರುಗಳ ಪಕ್ಕದಲ್ಲೇ ಕೂತು, "ನಾಳೆ ನೀರು ಇನ್ನೂ ಏರತೈತಿ, ಒಬ್ಬರೇ ಇಳೀಬ್ಯಾಡ್ರಿ" ಎಂದು ತಾಕೀತು ಮಾಡುತ್ತ ಎರಡು ಸಲ ಅನ್ನ ಹಾಕಿಸಿಕೊಂಡ.

ಊಟವಾದ ಮೇಲೆ ಮರಿಶಾಂತ ಗುರುಗಳ ಬಳಿ ಬಂದ. ಅವರು ಒದ್ದೆ ಧೋತರವನ್ನು ಬಿಸಿಲಿಗೆ ಹರಡುತ್ತಿದ್ದರು.

"ಗುರುಗಳೇ, ನಾನು ಪ್ರೀತಿಯಿಂದಲೇ ಹತ್ತಿರ ಹೋದೆ, ಅವರು ಓಡಿಹೋದರು. ನೀವು ಕರೆದರೆ ಬಂದರು. ನನ್ನಲ್ಲಿ ಏನು ಕಡಿಮೆಯಿತ್ತು?"

ಗುರುಗಳು ಧೋತರದ ಸುಕ್ಕು ಬಿಡಿಸುತ್ತ ಹೇಳಿದರು:

"ನಿನಗೆ ಈಜು ಬರುತ್ತದೆ, ಮರೀ. ನನಗೆ ಬರುವುದಿಲ್ಲ."