ಸಣ್ಣೀರಮ್ಮನ ಮೌನವ್ರತ

ಕಾಲು ಒದರಬೇಡ, ದುಪ್ಪಟಿ ಎಳ್ಕೋ, ಹೇಳ್ತೀನಿ. ಒಂದಾನೊಂದು ಕಾಲದಲ್ಲಿ, ಎಲ್ಲರೂ ರಾಗಿ ಮುದ್ದೆ ನುಂಗ್ಕೊಂಡು ಬದುಕ್ತಿದ್ದ ಒಂದೂರಲ್ಲಿ, ಸಣ್ಣೀರಮ್ಮ ಅಂತ ಮುದುಕಿ ಇದ್ದಳಂತೆ. ಮೂವರು ಗಂಡುಮಕ್ಕಳು, ಮೂವರು ಸೊಸೆಯಂದಿರು. ಮದುವೆ ಮನೇಲಿ ಸೋಬಾನೆ ಪದ ಎತ್ತೋದು ಅಂದ್ರೆ ಅವಳೇ. ಬಾಯಿ ಬಿಟ್ಟಳು ಅಂದ್ರೆ ಸಾಕು, ಬೀಗರ ಮಾನ ಹರಾಜು!

ಅಂಥೋಳಿಗೆ ದವಡೆ ನೋವು ಶುರುವಾಯ್ತಂತೆ. ಕಿವಿ ಬುಡದಿಂದ ಗಲ್ಲದವರೆಗೂ ಚಳುಕು, ನಾಲಿಗೆ ಉರಿ. ಮಾತಾಡಿದರೂ ನೋವು, ಆಕಳಿಸಿದರೂ ನೋವು. ಹೇಳಿದ್ರೆ ವಯಸ್ಸಾದೋರಿಗೆ ಇದ್ದದ್ದೇ ಅಂದುಬಿಡ್ತಾರೆ ಅಂತ ಸುಮ್ಮನಾದಳಂತೆ. ಮುದ್ದೆ ಯಾರಾದ್ರೂ ಅಗೀತಾರಾ, ನುಂಗೋದು ತಾನೇ? ಹಂಗಾಗಿ ಯಾರಿಗೂ ಗೊತ್ತಾಗಲಿಲ್ಲ. ಬರ್ತಾ ಬರ್ತಾ ಮಾತೂ ನಿಂತುಹೋಯ್ತು.

ಹಿರಿ ಸೊಸೆ ದ್ಯಾವಮ್ಮ, ಅತ್ತೆಗೆ ನನ್ನ ಮೇಲೆ ಸಿಟ್ಟು ಅಂದ್ಕೊಂಡು ಹೊಸ ಸೀರೆ ತಂದುಕೊಟ್ಟು, ಆಮೇಲೂ ಅತ್ತೆ ತುಟಿ ಬಿಚ್ಚದೆ ಹೋದಾಗ ಅವಳೂ ಮುಖ ಊದಿಸ್ಕೊಂಡು ಮಾತು ಬಿಟ್ಟಳಂತೆ. ನಡುವಿನ ಸೊಸೆ, ಅಯ್ಯೋ ಸಿಟ್ಟಲ್ಲ, ಅತ್ತೆ ಮೌನವ್ರತ ಹಿಡಿದವ್ರೆ ಅಂತ ಊರಿಗೆಲ್ಲ ಸಾರಿ, ಹಣೆಗೆ ವಿಭೂತಿ ಬಳಿದು ಮಣೆ ಮೇಲೆ ಕೂರಿಸಿಬಿಟ್ಟಳಂತೆ. ಜನ ಕಾಯಿ ಒಡೆದರು, ಕಾಲಿಗೆ ಬಿದ್ದರು. ಮುಂದೆ ತಂದಿಟ್ಟಿದ್ದೇನು ಗೊತ್ತಾ? ಹುರಿಗಡಲೆ, ಒಣ ಕೊಬ್ಬರಿ! ಪಕ್ಕದಲ್ಲಿ ಕೂತು ಹರಟೋರು ಮಾತ್ರ ಒಬ್ಬರೂ ಇಲ್ಲ. ದೇವರ ಜೊತೆ ಯಾರು ಹರಟ್ತಾರೆ? ಈಗ ನಿಜ ಹೇಳಿದ್ರೆ ಇಷ್ಟು ಜನರ ಮುಂದೆ ಸೊಸೆಗೆ ಅವಮಾನ ಅಂತ ಮುದುಕಿ ಇನ್ನೂ ಮುದುಡಿಕೊಂಡಳಂತೆ. ಯಾಕಾದ್ರೂ ಬದುಕಿದ್ದೀನೋ ಅನ್ನಿಸ್ತಿತ್ತಂತೆ ಪಾಪ.

ಹಿಂಗೇ ಎರಡು ವರ್ಷ ಆಗೋ ಹೊತ್ತಿಗೆ ಮೊಮ್ಮಗಳ ಮದುವೆ ಬಂತು. ಆ ಹುಡುಗಿಗೆ ತಾನೇ ಪದ ಎತ್ತಬೇಕು ಅನ್ನೋದೊಂದೇ ಸಣ್ಣೀರಮ್ಮನಿಗೆ ಉಳಿದಿದ್ದ ಆಸೆ. ಊರೋರು, ವ್ರತ ಕೆಡಬಾರದು ಅಂತ ಹಾಡೋಕೆ ಬೇರೆಯೋಳಿಗೆ ವೀಳ್ಯ ಕೊಟ್ಟುಬಿಟ್ಟರಂತೆ. ಅರಿಶಿನ ಹಚ್ಚೋ ಹೊತ್ತಿಗೆ ಕಿರಿ ಸೊಸೆ ಮಂಚಮ್ಮ, ಅತ್ತೆ ಕೆನ್ನೆಗೂ ಒಂಚೂರು ಸವರೋಣ ಅಂತ ಹೋದಳು. ಬೆರಳು ತಾಗಿದ್ದೇ ತಡ, ಮುದುಕಿ ಬೆಚ್ಚಿಬಿದ್ದಳು. ಮಂಚಮ್ಮ ಮೆಲ್ಲಗೆ, ಅತ್ತೆ, ಇಲ್ಲಿ ನೋಯ್ತದಾ ಅಂತ ಕೇಳಿದಳಂತೆ. ಅಷ್ಟೇ ಕಣವ್ವ! ಎರಡು ವರ್ಷದ ಅಳು ಒಟ್ಟಿಗೇ ಬಂತಂತೆ. ಅಳ್ತಾ ಅಳ್ತಾನೇ ದವಡೆ ನೋವು, ಪದ ಎತ್ತೋ ಆಸೆ ಎರಡೂ ಹೇಳ್ಕೊಂಡಳಂತೆ.

ಆಮೇಲೆ ಮಂಚಮ್ಮ ಉಪ್ಪು ಹುರಿದು, ಗಂಟು ಕಟ್ಟಿ, ಶಾಖ ಕೊಟ್ಟು, ನೀವು ಒಂದು ಸೊಲ್ಲು ಎತ್ತಿ ಅತ್ತೆ, ನಾವು ಎರಡು ಸಲ ಹೇಳ್ತೀವಿ, ಅಷ್ಟೊತ್ತು ದವಡೆಗೆ ಬಿಡುವು ಅಂದಳಂತೆ. ಸಣ್ಣೀರಮ್ಮ ಮಣೆ ಇಳಿದು, ಹೆಂಗಸರ ನಡುವೆ ಕೂತು ಪದ ಎತ್ತೇಬಿಟ್ಟಳು. ಅಯ್ಯಯ್ಯೋ ವ್ರತ ಕೆಟ್ಟಿತು ಅಂತ ಜನ ಕೂಗಿದ್ರೆ, ಯಾವ ವ್ರತ ಕಣ್ರೋ, ದವಡೆ ನೋವು ನಂಗೆ ಅಂದಳಂತೆ.

ದ್ಯಾವಮ್ಮ ಓಡಿ ಬಂದು, ಹಂಗಾದ್ರೆ ನನ್ನ ಮೇಲೆ ಸಿಟ್ಟಿರಲಿಲ್ವಾ ಅತ್ತೆ ಅಂದಳು. ಇತ್ತು ಕಣೆ, ನೀನು ಸೀರೆ ತಂದುಕೊಟ್ಟೆ, ಏನಾಯ್ತು ಅಂತ ಒಂದು ಮಾತು ಕೇಳಲಿಲ್ಲವಲ್ಲ ಅಂದಳಂತೆ ಮುದುಕಿ. ಇಬ್ಬರೂ ತಬ್ಬಿಕೊಂಡು ಅತ್ತರಂತೆ.

ನೋವು ಪೂರ್ತಿ ಹೋಗಲಿಲ್ಲ ಕಣವ್ವ, ಸುಳ್ಳು ಯಾಕೆ ಹೇಳ್ಲಿ. ಆದ್ರೆ ಜಾಸ್ತಿಯಾದ ದಿನ ಹೇಳ್ಕೋತಿದ್ದಳು, ಯಾರಾದ್ರೂ ಬಂದು ಪಕ್ಕದಲ್ಲಿ ಕೂರ್ತಿದ್ದರು. ಹಂಗೇ ನೂರು ಕಾಲ ಬಾಳಿದಳಂತೆ. ಅಲ್ಲಿಗೆ ಅವಳ ಕತೆ ಮುಗೀತು, ಇಲ್ಲಿಗೆ ನನ್ನ ಮಾತೂ ಮುಗೀತು. ಕಣ್ಮುಚ್ಚು.