ಕೊಟ್ರೇಶ ನೂಡಲ್ಸ್ ಕಲಿತದ್ದು

ಕೇಳ್ರಪ್ಪಾ, ನಗೋದನ್ನ ಕೊನೆಗೆ ಇಟ್ಟುಕೊಳ್ಳಿ, ಈಗಲೇ ಖರ್ಚು ಮಾಡಬೇಡಿ. ದಾವಣಗೆರೆಯಲ್ಲಿ ಕೊಟ್ರೇಶ ಅಂತ ಒಬ್ಬ ಇದ್ದ. ಅವನಿಗೊಬ್ಬಳು ಅವ್ವ, ಹಾಲಮ್ಮ. ಗೋಬಿ ಮಂಚೂರಿ ಗಾಡಿಯಲ್ಲಿ ಹತ್ತು ವರ್ಷ ಎಲೆಕೋಸು ಹೆಚ್ಚಿ ಮಗನನ್ನ ಸಾಕಿದವಳು. ಹೇಳಿದ್ದು ಒಂದನ್ನೂ ಮರೆಯದ ಮಗ. ಅದೇ ಅವಳ ಗೋಳು! ಬುಧವಾರ ಹೇಳಿದ್ದನ್ನ ಗುರುವಾರ ಮಾಡುತ್ತಿದ್ದ.

ಇಂಥವನಿಗೂ ಒಂದು ಸಂಬಂಧ ಬಂತು. ಹುಡುಗಿ ರತ್ನಮಾಲಾ, ಬಸ್ ಕಂಡಕ್ಟರು. ಅವಳದ್ದು ಒಂದೇ ಷರತ್ತು. "ಡ್ಯೂಟಿ ಮುಗಿಸಿ ಬಂದು ನಾನು ಒಲೆ ಮುಂದೆ ನಿಲ್ಲೋಳಲ್ಲ. ಭಾನುವಾರ ಬರ್ತೀನಿ. ಹುಡುಗ ನನ್ನ ಕಣ್ಣೆದುರಿಗೇ ಒಂದು ಪ್ಲೇಟ್ ನೂಡಲ್ಸ್ ಮಾಡಿ ಕೊಡ್ಲಿ."

ಹಾಲಮ್ಮನಿಗೆ ಕೂತಲ್ಲಿ ಕೂರೋಕಾಗಲಿಲ್ಲ, ನಿಂತಲ್ಲಿ ನಿಲ್ಲೋಕಾಗಲಿಲ್ಲ. ಮಗನಿಗೆ ಇಪ್ಪತ್ತೊಂಬತ್ತು ತುಂಬಿದೆ. ಮೂರು ಸಂಬಂಧ ಹೊಸಿಲು ದಾಟೋ ಮೊದಲೇ ಮುರಿದಿವೆ. ತಾನು ಹೋದಮೇಲೆ ಇವನಿಗೆ ಹೇಳೋರು ಯಾರು, ಕೇಳೋರು ಯಾರು? ಅವಳಿಗೆ ಹೆದರಿಕೆ, ನಿಜವಾದ ಹೆದರಿಕೆ.

ಬುಧವಾರ. "ನೂಡಲ್ಸ್ ಬೇಯಿಸಲೇ!" ಅಂದಳು, ಕೊಡ ಎತ್ತಿಕೊಂಡು ನಲ್ಲಿಗೆ ಹೋದಳು. ಬೇಯಿಸಿದ. ಬೇಯಿಸಿದ, ಬೇಯಿಸಿದ, ಅವ್ವ ಬರೋತನಕ ಬೇಯಿಸಿದ. ಪಾತ್ರೆ ತುಂಬ ಗಂಜಿ!

"ಅಯ್ಯೋ ಪೆದ್ದೇ! ಬಿಸಿ ಇದ್ದಾಗಲೇ ತಣ್ಣೀರು ಸುರೀಬೇಕಲೇ!"

"ಹೂಂ ಅವ್ವಾ, ಇನ್ಮೇಲೆ ಹಂಗೇ ಮಾಡ್ತೀನಿ."

ಗುರುವಾರ. ಅವ್ವ ಬಾಣಲಿಗೆ ಎಣ್ಣೆ ಹಾಕಿದಳು, ಒಲೆ ಜೋರು ಮಾಡಿದಳು, ಕ್ಯಾರೆಟ್ ಹೆಚ್ಚೋಕೆ ಆ ಕಡೆ ತಿರುಗಿದಳು. ಕೊಟ್ರೇಶ ನೋಡಿದ. ಬಿಸಿ ಐತೆ! ಒಂದು ಚೊಂಬು ತಣ್ಣೀರು ಸುರಿದ. ಚಟಪಟ, ಚಟಪಟ, ಢಂ! ಎಣ್ಣೆ ಗೋಡೆಗೆ, ಅವ್ವ ಬಾಗಿಲಾಚೆಗೆ!

"ಮನೆ ಸುಡ್ತೀಯೇನಲೇ! ನೀರಿನ ಸುದ್ದಿಗೇ ಹೋಗಬೇಡ. ಗಾಡಿಯವರು ಬಾಣಲಿಯಲ್ಲಿ ನೂಡಲ್ಸ್ ಎಗರಿಸೋದು ನೋಡಿಲ್ವೇನಲೇ? ಕೈಯಲ್ಲಿರೋದನ್ನ ಎಗರಿಸ್ಬೇಕು, ಹಿಡೀಬೇಕು! ಎಗರಿಸ್ಬೇಕು, ಹಿಡೀಬೇಕು!"

"ಹೂಂ ಅವ್ವಾ, ಇನ್ಮೇಲೆ ಹಂಗೇ ಮಾಡ್ತೀನಿ."

ಶುಕ್ರವಾರ ಸೋಯಾ ಸಾಸ್ ತರೋಕೆ ಕಳಿಸಿದಳು. ಗಾಜಿನ ಬಾಟಲಿ. ಕೈಯಲ್ಲೇ ಐತಲ್ಲ! ಎಗರಿಸಿದ, ಹಿಡಿದ. ಎಗರಿಸಿದ, ಹಿಡಿದ. ಮೂರು ಓಣಿ ದಾಟೋತನಕ ಒಂದು ಸಲವೂ ತಪ್ಪಲಿಲ್ಲ, ಅದನ್ನ ಒಪ್ಪಬೇಕು. ಮನೆ ಬಾಗಿಲಲ್ಲಿ ಎಗರಿಸಿದ, ಅವ್ವನ ಮುಖ ನೋಡಿದ, ಹಿಡಿಯಲಿಲ್ಲ. ರಂಗೋಲಿ ಎಲ್ಲ ಕಪ್ಪು!

"ನನ್ನ ಹೊಟ್ಟೆ ಉರಿಸೋಕೇ ಹುಟ್ಟಿದ್ಯಲ್ಲೋ! ಎದೆಗೆ ಅವಚ್ಕೊಂಡು ತರಬೇಕಲೇ, ಕೂಸನ್ನ ತಂದಂಗೆ!"

"ಹೂಂ ಅವ್ವಾ, ಇನ್ಮೇಲೆ ಹಂಗೇ ಮಾಡ್ತೀನಿ."

ಶನಿವಾರ ಅಂತೂ ನೂಡಲ್ಸ್ ಆಯಿತು. ಗಂಜಿಯಾಗಲಿಲ್ಲ, ಮನೆ ಸುಡಲಿಲ್ಲ. "ತಗೊಂಡು ಬಾರಲೇ!" ಅಂತ ಹಾಲಮ್ಮ ಕೂಗಿದಳು. ತಂದ. ಅಂಗಿಯೊಳಗೆ ಸುರಿದುಕೊಂಡು, ಎದೆಗೆ ಅವಚಿಕೊಂಡು, ಹಾ ಹೂ ಅಂತ ಕುಣಿಯುತ್ತಾ ತಂದ! ಕಾಲರಿನಿಂದ ಜೋತಾಡುತ್ತಿದ್ದ ಒಂದು ಎಳೆ ಕಿತ್ತು ಅವ್ವ ಬಾಯಿಗೆ ಹಾಕಿಕೊಂಡಳು. ಥೂ, ಉಪ್ಪೋ ಉಪ್ಪು!

"ಪ್ಲೇಟಿಗೆ ಹಾಕಲೇ, ಮುಠ್ಠಾಳ! ಕೊಡೋ ಮುಂಚೆ ತಿಂದು ನೋಡು. ಕೆಟ್ಟಿದ್ದು ಒಂದೆಳೆ ಕೂಡ ಆ ಹುಡುಗಿ ಬಾಯಿಗೆ ಹೋಗಬಾರದು!"

"ಹೂಂ ಅವ್ವಾ, ಇನ್ಮೇಲೆ ಹಂಗೇ ಮಾಡ್ತೀನಿ."

ಭಾನುವಾರ ರತ್ನಮಾಲಾ ಬಂದಳು, ಜೊತೆಗೆ ಅವಳಪ್ಪ. ಕೊಟ್ರೇಶ ಬೇಯಿಸಿದ, ಬಸಿದ, ಎಗರಿಸಿದ, ಹಿಡಿದ, ಪ್ಲೇಟಿಗೇ ಹಾಕಿದ! ಮನೆಯೆಲ್ಲ ಘಮ್ಮಂತು. ಹಾಲಮ್ಮನಿಗೆ ಕಣ್ಣು ತುಂಬಿ ಬಂತು. ಅವನು ಪ್ಲೇಟು ಹಿಡಿದು ಹುಡುಗಿ ಮುಂದೆ ನಿಂತ. ಒಂದು ಎಳೆ ಎತ್ತಿ ತಿಂದ. ಚೆನ್ನಾಗೈತೆ. ಇನ್ನೊಂದು ಎಳೆ ತಿಂದ. ಚೆನ್ನಾಗೈತೆ. ಮತ್ತೊಂದು, ಮಗದೊಂದು. ಹುಡುಗಿ ಎಂಜಲು ನುಂಗಿದಳು, ಅವಳಪ್ಪ ಗಡಿಯಾರ ನೋಡಿದ. ಕಡೇ ಎಳೆಯನ್ನ ಸೊರ್ ಅಂತ ಎಳೆದು, "ಒಂದೆಳೆನೂ ಕೆಟ್ಟಿಲ್ಲ ಕಣ್ರೀ!" ಅಂತ ಖಾಲಿ ಪ್ಲೇಟು ಅವಳ ಕೈಗಿಟ್ಟ.

ಹಾಲಮ್ಮ ಅವನ ಕಿವಿ ಹಿಂಡಿ ಮೂಲೆಗೆ ಎಳೆದಳು. "ಹಾಳಾದವನೇ! ಕೈಗೆ ಬಂದಿದ್ದನ್ನ ನೀನು ಇಟ್ಕೋಬಾರದಲೇ, ಮನೆಗೆ ಬಂದವರಿಗೆ ಕೊಡಬೇಕು!"

"ಹೂಂ ಅವ್ವಾ, ಇನ್ಮೇಲೆ ಹಂಗೇ ಮಾಡ್ತೀನಿ."

ಆದರೆ ನೋಡಿ, ರತ್ನಮಾಲಾ ನಕ್ಕಳು! ಹೊಟ್ಟೆ ಹಿಡಿದುಕೊಂಡು ನಕ್ಕಳು. "ದಿನಾ ಬಸ್ಸಲ್ಲಿ ನೂರಾರು ಜನರನ್ನ ನೋಡ್ತೀನಿ, ಹೇಳಿದ್ದು ಕೇಳೋನು ಒಬ್ಬನೂ ಇಲ್ಲ. ಇವನು ಕೇಳ್ತಾನೆ. ಅಡುಗೆನೂ ಮಾಡ್ತಾನೆ. ಅಪ್ಪಾ, ನನಗೆ ಒಪ್ಪಿಗೆ."

ಐದು ದಿನದಲ್ಲಿ ಮೊದಲ ಸಲ ಹಾಲಮ್ಮ ಕೂತಲ್ಲಿ ಕೂತಳು. ಅಪ್ಪ ಗೊಣಗುತ್ತಲೇ ಎದ್ದ, ಜೊತೆಗೆ ತಂದಿದ್ದ, ಎಲೆ ಅಡಿಕೆ ಹಣ್ಣು ಕಾಯಿ ಇದ್ದ ತಾಂಬೂಲದ ತಟ್ಟೆಯನ್ನ ಕೊಟ್ರೇಶನ ಕೈಗಿಟ್ಟ. ಹುಡುಗ ಅದನ್ನ ಒಯ್ದು ದೇವರ ಮುಂದಿಟ್ಟರೆ ಮದುವೆ ಗಟ್ಟಿ. ತಿರುಗಿ ಕೊಟ್ಟರೆ, ನಿಮ್ಮ ಸಂಬಂಧ ಬೇಡ ಅಂತ ಮುಖಕ್ಕೆ ಹೊಡೆದ ಹಾಗೆ.

ಕೊಟ್ರೇಶ ತಟ್ಟೆ ನೋಡಿದ. ಕೈಗೆ ಬಂದೈತೆ. ಮನೆಗೆ ಬಂದವರು ಎದುರಿಗೇ ಅದಾರೆ.

"ಬ್ಯಾಡಲೇ!" ಅಂತ ಹಾಲಮ್ಮ ಕಿರುಚೋದರೊಳಗೆ ತಟ್ಟೆ ಹುಡುಗಿ ಅಪ್ಪನ ಕೈಯಲ್ಲಿತ್ತು. ಅವನ ಮುಖ ಕೆಂಪಾಯಿತು. ಚಪ್ಪಲಿ ಮೆಟ್ಟಿದ, ಮಗಳ ರಟ್ಟೆ ಹಿಡಿದ, ತಿರುಗಿ ನೋಡದೆ ಹೋದ.

ಹಾಲಮ್ಮ ಬಾಗಿಲಲ್ಲೇ ಕುಸಿದು ಅಳತೊಡಗಿದಳು. ಕೊಟ್ರೇಶ ಬಂದು ಪಕ್ಕದಲ್ಲಿ ಕೂತ, ಅವಳ ಬೆನ್ನು ಸವರಿದ.

"ಯಾಕವ್ವಾ ಅಳ್ತೀ? ಈ ಸಲ ಒಂದೆಲೆನೂ ಬಾಯಿಗೆ ಹಾಕ್ಕೊಳ್ಳಲಿಲ್ಲ, ನೋಡು!"