ಎಡೆಯ ಹೆಂಡ

"ಗುರುಗಳೇ, ಮೀಸೆ ಮೂಡದ ಹುಡುಗರೆಲ್ಲ ಹೆಂಡ ಕುಡಿಯುತ್ತಿದ್ದಾರೆ. ಅವರನ್ನು ಹಾದಿಗೆ ತರುವ ಶಿಕ್ಷೆ ಯಾವುದು?" ಎಂದು ಶಿಷ್ಯ ಕೇಳಿದ.

ಗುರು ನಕ್ಕರು. "ಶಿಕ್ಷೆ ಕೊಡುವುದೆಂದು ಮೊದಲೇ ತೀರ್ಮಾನಿಸಿಕೊಂಡು ಬಂದಿದ್ದೀಯಲ್ಲ, ಭಲೇ! ಕುಳಿತುಕೋ, ಒಂದು ಕತೆ ಕೇಳು."

ಒಂದೂರಿನಲ್ಲಿ ಬಂಡಿ ಹೊಡೆಯುವವನೊಬ್ಬನಿದ್ದ. ಆ ಊರಿನಲ್ಲಿ ಹಿರಿಯರ ಹಬ್ಬ ಬಂತೆಂದರೆ ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಎಡೆ ಇಡುತ್ತಿದ್ದರು. ಬಂಡಿಯವನ ಅಪ್ಪನಿಗೆ ಹೆಂಡವೆಂದರೆ ಪ್ರಾಣ. ಹಾಗಾಗಿ ಎಡೆಯಲ್ಲಿ ಅನ್ನದ ಪಕ್ಕ ಹೆಂಡದ ಕುಡಿಕೆಯೂ ಇರುತ್ತಿತ್ತು. ಪೂಜೆ ಮುಗಿದ ಮೇಲೆ ಅದು ಹೆಂಡವೇ? ರಾಮ ರಾಮ, ಅದು ಪ್ರಸಾದ! ಮನೆಯ ಮಕ್ಕಳೂ ಒಂದೊಂದು ಗುಟುಕು ಕುಡಿಯಲೇಬೇಕು. ಕುಡಿದ ಕೂಸು ಮುಖ ಸಿಂಡರಿಸಿದರೆ ನೆಂಟರೆಲ್ಲ ಬಿದ್ದು ಬಿದ್ದು ನಗುತ್ತಿದ್ದರು. "ತಾತನೇ ಹುಟ್ಟಿ ಬಂದಿದ್ದಾನೆ" ಎನ್ನುತ್ತಿದ್ದರು.

ಅದೇ ಊರಿನಲ್ಲಿ ಒಂದು ಕಟ್ಟುಪಾಡೂ ಇತ್ತು. ಎಳೆಯ ಹುಡುಗ ಕುಡಿದು ಸಿಕ್ಕಿಬಿದ್ದರೆ ಹೆತ್ತ ತಂದೆಯೇ ಚಾವಡಿಯಲ್ಲಿ ಎಲ್ಲರ ಮುಂದೆ ಅವನನ್ನು ಹೊಡೆಯಬೇಕು. ಹೊಡೆಯದಿದ್ದರೆ ಆ ಮನೆಗೆ ಊರಿನ ಬೆಂಕಿಯಿಲ್ಲ, ನೀರಿಲ್ಲ.

ಬಂಡಿಯವನ ಒಬ್ಬನೇ ಮಗ ಸಿಕ್ಕಿಬಿದ್ದ. ಚಾವಡಿ ತುಂಬಿತು. ಒಬ್ಬರು ಕೆಟ್ಟ ಸಹವಾಸ ಎಂದರು, ಇನ್ನೊಬ್ಬರು ತಾಯಿಯ ಮುದ್ದು ಎಂದರು. ಕಾಲ ಕೆಟ್ಟಿತು ಎಂದವರ ಬಾಯಲ್ಲೂ ಹೆಂಡದ ವಾಸನೆಯಿತ್ತು, ಬಿಡು. ಬಂಡಿಯವನಿಗೆ ನಾಚಿಕೆ, ಸಿಟ್ಟು, ಮಗನ ಮೇಲಿನ ಮರುಕ ಎಲ್ಲವೂ ಒಟ್ಟಿಗೇ ಬಂದು ದಿಕ್ಕು ತೋಚದಂತಾಯಿತು. ಆದರೂ ಬಾರುಕೋಲು ಎತ್ತಿದ.

ಮಗ ಕೇಳಿದ: "ಅಪ್ಪಾ, ಹೋದ ಹಬ್ಬದಲ್ಲಿ ನಾನು ಪ್ರಸಾದ ಬೇಡ ಅಂದೆ. ಹಿರಿಯರಿಗೆ ಅವಮಾನ ಆಯ್ತು ಅಂತ ನೀನೇ ಬಾರಿಸಿದೆ. ಈಗ ಕುಡಿದೆ ಅಂತ ಹೊಡೀತೀಯ. ಏಟು ಬೀಳದ ಹಾಗೆ ಇರೋದು ಹೇಗೆ, ಅದನ್ನಾದರೂ ಹೇಳಿಕೊಡು."

ಎತ್ತಿದ ಕೈ ಹಾಗೇ ನಿಂತಿತು. "ಹೊಡಿ, ಹೊಡಿ" ಎಂದರು ಊರವರು. ಯಾರಿಗೆ ಹೊಡೆಯಬೇಕೆಂದು ಬಂಡಿಯವನಿಗೆ ತಿಳಿಯಲಿಲ್ಲ. ಬಾರುಕೋಲನ್ನು ಅಲ್ಲೇ ಹಾಕಿ, ಮಗನ ಕೈ ಹಿಡಿದುಕೊಂಡು ಮನೆಗೆ ನಡೆದ. ಅಂದಿನಿಂದ ಊರ ಬಾವಿ ಅವರಿಗೆ ಇಲ್ಲವಾಯಿತು.

ಗುರು ಕತೆ ನಿಲ್ಲಿಸಿದರು. ಶಿಷ್ಯನಿಗೆ ತಲೆಬುಡ ಅರ್ಥವಾಗಲಿಲ್ಲ. "ಆಮೇಲೆ ಆ ಹುಡುಗ ಕುಡಿಯುವುದನ್ನು ಬಿಟ್ಟನೇ, ಗುರುಗಳೇ?" ಎಂದು ಕೇಳಿದ.

"ಎಲ್ಲರೂ ಇದನ್ನೇ ಕೇಳುತ್ತಾರಪ್ಪ, ಊರು ಕುಡಿಸುವುದನ್ನು ಬಿಟ್ಟಿತೇ ಎಂದು ಕೇಳಿದವರನ್ನು ನಾನಿನ್ನೂ ಕಂಡಿಲ್ಲ."